ಅಮಾಸಿ ದಿನದ ನೆಟ್

ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಅನ್ನುತ್ತಾರಲ್ಲ, ಆ ಮಾತು ಹುಟ್ಟಿಸಿದವರ ಮನೆಯಲ್ಲೂ ಒಂದು ರೌಟರ್ ಇದ್ದಿರಬೇಕು. ನಮ್ಮ ಮಾಳಿಗೆಯ ಮೇಲೆ ಮೊಬೈಲ್ ಹಿಡಿದು ನಿಂತರೆ ನೆಟ್ ಬೇಕಾದಷ್ಟು. ಅದೇ ಸಿಮ್ ತೆಗೆದು ಆ ಬಿಳಿ ಡಬ್ಬಿಯೊಳಗೆ ಹಾಕಿ, ಕೆಳಗೆ ಒಳಕೋಣೆಯಲ್ಲಿ ಕುಳಿತರೆ ಪರದೆಯ ಮೇಲೆ ಒಂದು ಚಕ್ರ ಗರಗರ ತಿರುಗುತ್ತ ಕೂರುತ್ತಿತ್ತು. ಮೇಲೆ ಟವರ್ ಕೊಡುತ್ತಿದೆ, ಕೆಳಗೆ ಮೊಬೈಲ್ ಕೈಚಾಚಿದೆ, ನಡುವೆ ಇರುವ ಈ ಪೂಜಾರಿಗೆ ಏನು ಬಂದಿತ್ತು ರೋಗ?

ಸಿನಿಮಾ ನೋಡುವ ಚಟಕ್ಕೆ ಡಬ್ಬಿ ತಂದವರಲ್ಲ ನಾವು. ನನ್ನ ಮಗಳು ವಂದನಾ ತನ್ನ ಮಗಳ ಮುಖ ನೋಡಬೇಕಿತ್ತು. ಮೊಮ್ಮಗಳು ಧನಶ್ರೀ, ಏಳು ವರ್ಷದ ಕೂಸು, ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಅಪ್ಪನ ಮನೆಯಲ್ಲಿದ್ದಳು. ದೀಪಾವಳಿ ಆದ ಮೇಲೆ ವಂದನಾಗೆ ಕಾಮಾಲೆ ಆಗಿ ಬನಹಟ್ಟಿಗೆ, ನಮ್ಮಲ್ಲಿಗೆ ಬಂದಿದ್ದಳು. ಗುಣವಾಗಿ ತಿರುಗಿ ಹೋದರೆ ಬೀಗತಿ ಮಥುರಾಬಾಯಿ ಹೊಸ್ತಿಲಲ್ಲೇ ತಡೆದು, ಒಳಗೆ ಬರುವುದಿದ್ದರೆ ಅಪ್ಪನಿಂದ ಇನ್ನೆರಡು ಮಗ್ಗ ಕೊಡಿಸಿಕೊಂಡು ಬಾ ಎಂದಳು. ಅಳಿಯ ಎಂಬ ಮಹಾಶಯ ಅವಳ ಹಿಂದೆ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ. ಕೂಸನ್ನಾದರೂ ಕೊಡಿ ಅಂದರೆ, ಸಾಲೆ ತಪ್ಪುತ್ತದೆ ಅಂದರು. ಇನ್ನೇನು ಉಳಿಯಿತು, ಕೋರ್ಟು.

ಅಲ್ಲಿಯ ಕೋರ್ಟಿನವರು ಒಬ್ಬ ಕೌನ್ಸೆಲರ್ ಮೇಡಂ ಅವರನ್ನು ನೇಮಿಸಿದರು. ನಿಪ್ಪಾಣಿ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಕೇಸು ನಡೆಯುವಷ್ಟು ದಿನ ತಾಯಿ ಮಗಳು ವಿಡಿಯೊ ಕಾಲಿನಲ್ಲಿ ಮಾತಾಡಲಿ, ಕೂಸು ತಾಯಿಯ ಜೊತೆ ಹೊಂದಿಕೊಂಡಿದೆ ಅಂತ ಕಂಡರೆ ಬೇಸಿಗೆ ಸೂಟಿಗೆ ಬನಹಟ್ಟಿಗೆ ಕಳಿಸಿ ಎಂದು ನಾನು ಬರೆದುಕೊಡುತ್ತೇನೆ ಅಂದರು. ವಂದನಾ ಅವತ್ತೇ ಧನಶ್ರೀಗೆ ಒಂದು ಫ್ರಾಕು ಹೊಲಿಯಲು ಕುಳಿತಳು. ಕೂಸು ಈಗ ಎಷ್ಟು ಬೆಳೆದಿದೆಯೋ ಗೊತ್ತಿಲ್ಲದೆ ಎರಡು ಸಲ ಹೊಲಿದು ಎರಡು ಸಲ ಬಿಚ್ಚಿದಳು.

ಮೊದಲನೆಯ ಕಾಲ್ ಮಗ್ಗದ ಸದ್ದಿಗೆ ಬಲಿಯಾಯಿತು. ನಮ್ಮ ಮಗ್ಗ ನಿಲ್ಲಿಸಿದರೇನು, ಓಣಿಯ ತುಂಬ ಕಟಾಪಟಾ. ನಮಗಂತೂ ಅದು ಕೇಳಿಸುವುದೇ ಇಲ್ಲ, ಹುಟ್ಟಿದಾಗಿನಿಂದ ಅದರೊಳಗೇ ಇದ್ದವರು. ಮೊಬೈಲಿಗೆ ಮಾತ್ರ ಅದೊಂದೇ ಕೇಳಿಸಿತು. ಒಳಕೋಣೆಯ ಗೋಡೆ ದಪ್ಪ, ಅಲ್ಲಿ ಸದ್ದು ಕಡಿಮೆ, ಆದರೆ ನೆಟ್ ಅದಕ್ಕಿಂತ ಕಡಿಮೆ. ಅದಕ್ಕೇ ರಬಕವಿಯಲ್ಲಿ ಮೊಬೈಲ್ ಅಂಗಡಿ ಇಟ್ಟ ಪ್ರಭುಲಿಂಗ ಈ ರೌಟರ್ ಕೊಟ್ಟ.

"ಸಿಮ್ ಇದರಾಗ ಹಾಕಿ ಮ್ಯಾಲ ಇಡ್ರಿ ಚಿಗವ್ವಾ. ಇದು ಟವರಿಂದ ನೆಟ್ ಇಸ್ಕೊಂಡು ಒಳಗ ನಿಮ್ಮ ಮೊಬೈಲಿಗೆ ಹಂಚತೈತಿ" ಎಂದ.

ಹಂಚಿದ ಚಂದ ನೋಡಬೇಕಿತ್ತು. ಎರಡನೆಯ ಕಾಲಿನಲ್ಲಿ ಧನಶ್ರೀಯ ಮುಖ ಒಮ್ಮೆ ಕಂಡಿತು, ಅರ್ಧ ಬಾಯಿ ತೆರೆದ ಹಾಗೆಯೇ ನಿಂತುಬಿಟ್ಟಿತು. ಮಾತು ತುಂಡು ತುಂಡು. ವಂದನಾ "ಹಲೋ, ಧನೂ, ಹಲೋ" ಎಂದು ಗಂಟಲು ಹರಿದುಕೊಂಡಳು. ಚಿತ್ರ ತಿರುಗಿ ಬರುವಷ್ಟರಲ್ಲಿ ಕುರ್ಚಿ ಖಾಲಿ. ಸಂಜೆಗೆ ಮಥುರಾಬಾಯಿ ಮೇಡಂಗೆ ಫೋನು ಮಾಡಿ, ಕೂಸಿಗೆ ತಾಯಿಯೇ ಬೇಡವಾಗಿದ್ದಾಳೆ, ತಾನಾಗಿ ಎದ್ದು ಹೋಯಿತು, ನೆಟ್ ಗಿಟ್ ಎಲ್ಲಾ ಅವರು ಹೇಳುವ ನೆವ ಎಂದಳಂತೆ. ಅವಳ ಬಾಯಿಗೆ ಮಣ್ಣು ಬೀಳಲಿ.

ಮೇಡಂ ನಮಗೆ ಫೋನು ಮಾಡಿದರು. "ನೋಡ್ರಿ ವಂದನಾ, ಅವರು ಒಂದು ಹೇಳ್ತಾರ, ನೀವು ಒಂದು ಹೇಳ್ತೀರಿ. ಮುಂದಿನ ಸಲ ಕೂಸಿನ್ನ ನನ್ನ ಆಫೀಸಿಗೆ ಕರಸ್ತೇನಿ. ಬಾಜೂಕ ನಾನ ಕುಂತು ನೋಡ್ತೇನಿ, ನೋಡಿದ್ದ ಬರೀತೇನಿ. ಸೂಟಿಗಿಂತ ಮೊದಲ ಇದ ಕಡೀದು. ಯಾವ ದಿನ ಛಲೋ ಆಗ್ತೈತಿ ನಿಮಗ?"

ಸ್ಪೀಕರ್ ಹಾಕಿದ್ದರಿಂದ ಮೂವರಿಗೂ ಕೇಳಿಸಿತು. ನಾನು, ನನ್ನ ಗಂಡ ಮುತ್ತಣ್ಣ, ವಂದನಾ ಮೂವರೂ ಒಂದೇ ಉಸಿರಿಗೆ ಅಂದೆವು, "ಅಮಾಸಿ ದಿನಾ ಇಡ್ರಿ ಮೇಡಂ."

ಬೇರೆ ಊರಿನವರು ಅಮಾವಾಸ್ಯೆ ಅಂದರೆ ಹೆದರುತ್ತಾರೆ. ನೇಕಾರರ ಊರಿಗೆ ಅದು ಸೂಟಿ. ಅಂದು ಮಗ್ಗ ತೊಳೆದು, ಒರೆಸಿ, ಪೂಜೆ ಮಾಡಿ, ಕಾಯಿ ಒಡೆದು ಸುಮ್ಮನೆ ಬಿಡುತ್ತೇವೆ. ಇಡೀ ತಿಂಗಳಿನಲ್ಲಿ ಬನಹಟ್ಟಿ ಬಾಯಿ ಮುಚ್ಚುವುದು ಅದೊಂದೇ ದಿನ. ಅದರಲ್ಲೂ ಮುಂದೆ ಬರುವುದು ಯುಗಾದಿ ಅಮಾಸಿ, ಒಂದು ಮಗ್ಗವೂ ಅಲುಗಾಡುವುದಿಲ್ಲ. ಇದಕ್ಕಿಂತ ಒಳ್ಳೆಯ ದಿನ ಯಾರಿಗೆ ಹೊಳೆದೀತು? ಹಿಂದಿನಿಂದ ಮಗ್ಗದ ಸದ್ದು ಅಂತ ಯಾರೂ ತಕರಾರು ಮಾಡುವಂತಿಲ್ಲ ಎಂದು ನಾನಂತೂ ಬೀಗಿದೆ.

ಆಮೇಲೆ ಆ ಡಬ್ಬಿಗೆ ಮಾಡದ ಸೇವೆ ಇಲ್ಲ. ಪ್ರಭುಲಿಂಗ ಫೋನಿನಲ್ಲಿ ಮೊದಲು ಹೇಳಿದ್ದು, "ಆಫ್ ಮಾಡಿ ಆನ್ ಮಾಡ್ರಿ." ಮಾಡಿದೆವು. ಚಕ್ರ ತಿರುಗಿತು. "ಸಿಮ್ ತಗದು ಒರಸಿ ಹಾಕ್ರಿ." ಹಾಕಿದೆವು. ಚಕ್ರ ತಿರುಗಿತು. ನನ್ನ ತಲೆ ಕೆಟ್ಟು ಕೆರ ಹಿಡಿಯಿತು.

"ಏ ಪ್ರಭ್ಯಾ, ನೀ ಬರ್ತೀಯೋ, ಇಲ್ಲಾ ನಾ ಡಬ್ಬಿ ತಗೊಂಡು ಬಂದು ನಿನ್ನ ಅಂಗಡಿ ಬಾಗಲದಾಗ ಕುಂಡ್ರಲೋ?" ಎಂದ ಮೇಲೆ ಗಾಡಿ ಹತ್ತಿ ಬಂದ.

ಬಂದವನು ಮಾಳಿಗೆಯ ಮೆಟ್ಟಿಲ ಹತ್ತಿರ ಇಟ್ಟಿದ್ದ ರೌಟರ್ ನೋಡಿ ಹಣೆ ಹಣೆ ಬಡಿದುಕೊಂಡ. "ಇದಕ್ಕ ಕೂಸಿನಂಗ ಕುಂಚಿಗಿ ಯಾರ ಕಟ್ಟ್ಯಾರಿ?"

ಕಟ್ಟಿದವಳು ನಾನೇ. ಮಗ್ಗದ ಮನೆಯಲ್ಲಿ ಹತ್ತಿಯ ಧೂಳು ಸುಮ್ಮನಿರುತ್ತದೆಯೇ? ನಮ್ಮಲ್ಲಿ ಟಿವಿಗೆ, ಮಿಕ್ಸರಿಗೆ, ಹೊಲಿಗೆ ಯಂತ್ರಕ್ಕೆ, ಎಲ್ಲಕ್ಕೂ ಬಟ್ಟೆ ಹೊದಿಸುತ್ತೇವೆ. ಇದು ಹೊಸದೆಂದು ಎರಡು ಪದರು ಹೊದಿಸಿ ಗಂಟು ಹಾಕಿದ್ದೆ. ಬಿಚ್ಚಿ ಮುಟ್ಟಿದರೆ ರೊಟ್ಟಿಯ ಹಂಚಿನಂತೆ ಸುಡುತ್ತಿತ್ತು.

"ಇದಕ್ಕೂ ಗಾಳಿ ಬೇಕ ಚಿಗವ್ವಾ. ಕಾದ್ರ ನಿಧಾನ ಆಗ್ತೈತಿ."

"ಮೊದಲ ಹೇಳಬೇಕಿತ್ತಲ್ಲೋ! ಧೂಳ ಹೊಕ್ಕ ಕೆಟ್ಟರ ನೀ ಹೊಸಾದು ಕೊಡಾಂವ ಇದ್ದೇನು?"

ಅವನು ನಕ್ಕು, ಡಬ್ಬಿಯನ್ನು ಮೆಟ್ಟಿಲಿಗೆ ಹೊದಿಸಿದ ತಗಡಿನ ಕೆಳಗಿನಿಂದ ತೆಗೆದು ಮಾಳಿಗೆಯ ಕಿಟಕಿಗೆ ತಂದು ಇಟ್ಟ. ತಗಡು ಸಿಗ್ನಲ್ ಒಳಗೆ ಬಿಡುವುದಿಲ್ಲವಂತೆ. ಮೊಬೈಲಿನಲ್ಲಿ ನಮ್ಮ ವೈಫೈ ಎರಡು ಹೆಸರಿನಲ್ಲಿ ಕಾಣಿಸುತ್ತಿತ್ತು. ಒಂದು ಜೋರಾಗಿರುತ್ತದೆ ಆದರೆ ದಪ್ಪ ಗೋಡೆ ದಾಟುವುದಿಲ್ಲ, ಇನ್ನೊಂದು ಗೋಡೆ ದಾಟುತ್ತದೆ ಆದರೆ ಸ್ವಲ್ಪ ನಿಧಾನ ಎಂದು ಹೇಳಿ, ಒಳಕೋಣೆಗೆ ಯಾವುದು ಹೊಂದುತ್ತದೆ ಎಂದು ವಂದನಾಗೆ ತೋರಿಸಿಕೊಟ್ಟ. ಅಷ್ಟಾದರೂ ಮಧ್ಯಾಹ್ನದ ಹೊತ್ತಿಗೆ ನೆಟ್ ತೆವಳುತ್ತಿತ್ತು. ಆಗ ವಂದನಾ ಏನೋ ಒತ್ತಿ ನೋಡಿ ಹೊರಗೆ ಕೂಗಿದಳು.

"ಯಪ್ಪಾ, ದಿನದ ಡೇಟಾ ಎಲ್ಲಾ ಮುಂಜಾನೇನ ಖಾಲಿ ಆಗೇತಿ! ಖಾಲಿ ಆದ ಮ್ಯಾಲ ಸ್ಪೀಡ್ ಇಳಸಿಬಿಡ್ತಾರ."

ಅದನ್ನೆಲ್ಲ ಕುಡಿದವರು ಯಾರು ಎಂದು ಕೇಳಬೇಕೇ? ನನ್ನ ಗಂಡನಿಗೆ ಕುಸ್ತಿಯ ವಿಡಿಯೊ ಅಂದರೆ ಪ್ರಾಣ. ಮಗ್ಗದ ಮುಂದೆ ಮೊಬೈಲ್ ತೂಗು ಹಾಕಿ, ನಮ್ಮದೇ ವೈಫೈಗೆ ಸೇರಿಸಿಕೊಂಡು, ಹರಿಯಾಣದ ಪೈಲವಾನರಿಂದ ಹಿಡಿದು ಎಲ್ಲರನ್ನೂ ಚಿತ್ ಮಾಡಿಸುತ್ತಿದ್ದರು. "ನಿಮ್ಮ ಕುಸ್ತಿ ಸುಡಗಾಡಿಗೆ ಹೋಗಲಿ, ಮೊಮ್ಮಗಳ ಮುಖ ಬ್ಯಾಡೇನ ನಿಮಗ?" ಎಂದು ನಾನು ಬಾಯಿ ಮಾಡಿದ್ದಕ್ಕೆ ಮೊಬೈಲ್ ಬಂದ್ ಮಾಡಿದರು. ವಂದನಾ ಪಾಸ್‌ವರ್ಡ್ ಬದಲಿಸಿ ನಮ್ಮಿಬ್ಬರಿಗೂ ಹೇಳಲಿಲ್ಲ. ಸರಿಯೇ ಮಾಡಿದಳು.

ಮರುದಿನ ಮುಧೋಳದಲ್ಲಿರುವ ಅವಳ ಗೆಳತಿ ಶ್ರೀದೇವಿಗೆ ವಿಡಿಯೊ ಕಾಲ್ ಹಚ್ಚಿ ನೋಡಿದಳು. ಆಹಾ, ಏನು ಚಂದ! "ನಿಮ್ಮ ಗ್ವಾಡಿ ಮ್ಯಾಲಿನ ಹಲ್ಲಿ ಸೈತ ಕಾಣಸಾಕತ್ತೈತಿ ನೋಡ್ರಿ ಮಾವಶಿ" ಎಂದಳು ಶ್ರೀದೇವಿ. ಅದರ ಮರುದಿನವೂ ಹಾಗೆಯೇ. ಒಂದು ಸಲವೂ ನಿಲ್ಲಲಿಲ್ಲ. ವಂದನಾ ಬಹಳ ದಿನಗಳ ಮೇಲೆ ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ನಾನು ಆ ಡಬ್ಬಿಗೆ ಕುಂಕುಮ ಹಚ್ಚುವುದೊಂದು ಬಾಕಿ.

ಅಮಾಸಿ ಬಂತು. ಮುಂಜಾನೆ ಮಗ್ಗಗಳ ಪೂಜೆ ಮುಗಿಯಿತು. ಓಣಿ ಎಷ್ಟು ಶಾಂತ ಎಂದರೆ ದೂರದ ಗುಡಿಯ ಗಂಟೆ ಮನೆಯೊಳಗೆ ಕೇಳಿಸುತ್ತಿತ್ತು. ವಂದನಾ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿಕೊಂಡು, ಧನಶ್ರೀ ಗುರುತು ಹಿಡಿಯಲೆಂದು ಹಳೆಯ ಹಸಿರು ಸೀರೆ ಉಟ್ಟು, ಒಳಕೋಣೆಯಲ್ಲಿ ಹೊತ್ತಿಗೆ ಮೊದಲೇ ಕುಳಿತಳು. ಫ್ರಾಕು ತೊಡೆಯ ಮೇಲಿತ್ತು. ಮೊಬೈಲನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ, ನಾನೂ ಅವಳ ಅಪ್ಪನೂ ಚಿತ್ರದಲ್ಲಿ ಬಾರದಂತೆ ಗೋಡೆಗೆ ಅಂಟಿಕೊಂಡೆವು. ಹನ್ನೊಂದಕ್ಕೆ ಮೇಡಂ ಕಾಲ್ ಬಂತು.

ಒಂದು ಕ್ಷಣ ಧನಶ್ರೀ ಕಂಡಳು. ಎರಡು ಜಡೆ, ಸಾಲೆಯ ಅಂಗಿ. ಪಕ್ಕದಲ್ಲಿ ಮೇಡಂ. ವಂದನಾ "ಧನೂ" ಎಂದಳು. ಅಷ್ಟೇ. ಚಿತ್ರ ನಿಂತಿತು. ಚಕ್ರ ತಿರುಗತೊಡಗಿತು.

ನಾನು ಮೆಟ್ಟಿಲು ಹತ್ತಿ ಓಡಿದೆ. ಡಬ್ಬಿ ಕಿಟಕಿಯಲ್ಲೇ ಇದೆ, ಬಟ್ಟೆ ಇಲ್ಲ, ಕಾದಿಲ್ಲ, ಹಸಿರು ದೀಪಗಳು ನಗುತ್ತ ಕುಳಿತಿವೆ. ಆಫ್ ಮಾಡಿ ಆನ್ ಮಾಡಿದೆ. ಕೆಳಗಿನಿಂದ ವಂದನಾಳ ದನಿ, "ಯವ್ವಾ, ಪೂರಾ ಹೋತು! ಯಾಕ ಆರಸಿದಿ?" ಮತ್ತೆ ಬರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಬಂತು, ನಿಂತಿತು. ಬಂತು, ನಿಂತಿತು. "ಡೇಟಾ ಐತೇನ?" ಎಂದು ಇವರು ಕೇಳಿದರು. ಡೇಟಾ ತುಂಬ ಇತ್ತು. ಒಳಗೆ ವೈಫೈ ಕೂಡ ತುಂಬ ತೋರಿಸುತ್ತಿತ್ತು. ಹಾಗಾದರೆ ಎಲ್ಲಿ ಸತ್ತಿತು ಇದು?

ಮುತ್ತಣ್ಣನವರ ಮೊಬೈಲಿಗೆ ಮೇಡಂ ಸಾದಾ ಕಾಲ್ ಮಾಡಿದರು. "ಏನ್ರಿ ಇದು, ಇವತ್ತೂ ಹಿಂಗ? ಕೂಸು ಕುಂತೈತಿ. ಮಧ್ಯಾಹ್ನ ನನಗ ಬ್ಯಾರೆ ಕೇಸ್ ಐತಿ. ಅಲ್ಲೀಮಟ ಆದ್ರ ಆತು, ಇಲ್ಲಾಂದ್ರ ನಾ ಇದ್ದದ್ದ ಬರೀಬೇಕಾಗ್ತೈತಿ." ಅವರ ದನಿಯ ಹಿಂದೆ ಮಥುರಾಬಾಯಿ ಮರಾಠಿಯಲ್ಲಿ ಏನೋ ಹೇಳಿ ನಕ್ಕದ್ದು ಕೇಳಿಸಿತು. ಅವಳೂ ಅಲ್ಲಿ ಬಂದು ಕುಳಿತಿದ್ದಳು, ಮಾರಿ.

ಪ್ರಭುಲಿಂಗನಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಯಾರನ್ನಾದರೂ ಬೈಯಲೇಬೇಕಿತ್ತು, ನಾನು ಓಣಿಗೆ ಬಂದೆ. ಬಂದವಳು ಬಾಗಿಲಲ್ಲೇ ನಿಂತೆ.

ಓಣಿಯಲ್ಲಿ ಒಂದು ಮಾತಿಲ್ಲ. ಒಂದೊಂದು ಕಟ್ಟೆಯ ಮೇಲೆ ನಾಲ್ಕು ನಾಲ್ಕು ಮಂದಿ, ಎಲ್ಲರ ತಲೆಯೂ ಕೆಳಗೆ, ಎಲ್ಲರ ಕೈಯಲ್ಲೂ ಮೊಬೈಲು. ಬೇರೆ ದಿನ ಈ ಹೊತ್ತಿನಲ್ಲಿ ಇವರೆಲ್ಲರ ಎರಡೂ ಕೈ ಮಗ್ಗದ ಮೇಲೆ ಇರುತ್ತವೆ. ಪಕ್ಕದ ಮನೆಯ ದಾನಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಧಾರಾವಾಹಿ ಹಚ್ಚಿಕೊಂಡು ಕುಳಿತಿದ್ದಳು. ಅವಳ ಪರದೆಯ ಮೇಲೂ ಚಕ್ರ ತಿರುಗುತ್ತಿತ್ತು.

"ಈ ನೆಟ್‌ಗೆ ಏನ ಧಾಡಿ ಬಡದೈತೋ ಶೇವಂತಕ್ಕಾ" ಎಂದಳು. "ಪ್ರತಿ ಅಮಾಸಿಗೂ ಇದ ಹಣೇಬಾರ. ಊರ ಮಂದಿ ಎಲ್ಲಾ ಮನ್ಯಾಗ ಇರ್ತಾರ, ಒಬ್ಬರದೂ ನಡ್ಯೂದಿಲ್ಲ."

ಅಯ್ಯೋ ನನ್ನ ಶಿವನೇ! ಸದ್ದಿಲ್ಲದ ದಿನ ಹುಡುಕಿ ಹುಡುಕಿ, ಊರಿಗೆ ಊರೇ ಆ ಟವರಿಗೆ ಬಾಯಿ ಹಚ್ಚಿ ಕುಳಿತ ದಿನವನ್ನೇ ಆರಿಸಿಕೊಂಡಿದ್ದೆವು. ಪಾಪದ ಡಬ್ಬಿ, ಬಂದರಲ್ಲವೇ ಹಂಚುವುದು? ನಾನು ಅಲ್ಲಿಯೇ ನಿಂತು ಬಾಯಿ ಬಡಿದುಕೊಂಡೆ. "ಎಪ್ಪಾ, ಎವ್ವಾ, ಒಂದ ತಾಸ ಎಲ್ಲಾರೂ ಮೊಬೈಲ್ ಬಂದ್ ಮಾಡ್ರೋ! ನನ್ನ ಮಗಳು ಕೂಸಿನ ಜೋಡಿ ಮಾತಾಡಬೇಕು. ಕೈ ಮುಗೀತೇನಿ!"

ಯಾರೂ ಯಾಕೆ ಎಂದು ಕೇಳಲಿಲ್ಲ. ವಂದನಾಳ ಕಥೆ ಗೊತ್ತಿಲ್ಲದವರು ನಮ್ಮ ಓಣಿಯಲ್ಲಿ ಇಲ್ಲ. ದಾನಮ್ಮ ಮೊದಲು ಆರಿಸಿದಳು, ಗಂಡನ ಕೈಯಿಂದಲೂ ಕಸಿದು ಆರಿಸಿದಳು. ಆ ಕಡೆಯಿಂದ ಈ ಕಡೆಯವರೆಗೆ ಎಲ್ಲರೂ ಆರಿಸಿ ಕೈಕಟ್ಟಿ ಕುಳಿತರು. ನಾನು ಒಳಗೆ ಓಡಿ ನೋಡಿದರೆ ಚಕ್ರ ಹಾಗೆಯೇ ಇತ್ತು. ಒಂದು ಓಣಿಯ ಮಗ್ಗ ನಿಂತರೆ ಊರಿನ ಸದ್ದು ನಿಂತೀತೇ?

ವಂದನಾ ಅಳುತ್ತಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಫ್ರಾಕಿನ ಅಂಚನ್ನು ಬೆರಳಿನಿಂದ ತೀಡುತ್ತ, "ಬಿಡಬೇ ಯವ್ವಾ. ನನ್ನ ನಸೀಬದಾಗ ಇಲ್ಲ" ಎಂದಳು.

ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ನನ್ನ ಗಂಡ ಥಟ್ಟನೆ ಗಾಡಿಯ ಚಾವಿ ಎತ್ತಿಕೊಂಡರು. "ನನ್ನದರಾಗ ಡೇಟಾ ಮುಗದೈತಿ, ರೌಟರಿನ ಸಿಮ್ ತಗೀರಿ. ಚಿಮ್ಮಡದ ಹಾದಿ ಮ್ಯಾಲ ಗಿರಿಮಲ್ಲಪ್ಪನ ಕಬ್ಬಿನ ಹೊಲ ಐತಲ್ಲ, ಅಲ್ಲಿ ಮಂದಿ ಇಲ್ಲ, ಮಾರಿ ಇಲ್ಲ. ಬ್ಯಾರೆ ಟವರ್ ಅಲ್ಲೇ ಬಾಜೂಕ ಐತಿ. ಅಲ್ಲಿ ಕುಂತ ನಾ ಎಷ್ಟ ಕುಸ್ತಿ ನೋಡೇನಿ, ಒಮ್ಮೆನೂ ನಿಂತಿಲ್ಲ."

ಬಾಕಿ ದಿನ ಆಗಿದ್ದರೆ ಹೊಲಕ್ಕೆ ಹೋಗಿ ಕುಸ್ತಿ ನೋಡುವ ಈ ಸುದ್ದಿಗೆ ನಾನು ಬೈಗುಳದ ಪೂಜೆ ಮಾಡುತ್ತಿದ್ದೆ. ಅವತ್ತು ಅವರ ಕಾಲಿಗೆ ಬೀಳಬೇಕೆನಿಸಿತು. ಹೊಲಿಗೆಯ ಸೂಜಿಯಿಂದ ಒತ್ತಿ ವಂದನಾ ರೌಟರಿನ ಸಿಮ್ ತೆಗೆದಳು. ತೆಗೆದವಳೇ ಅವಸರದಲ್ಲಿ ಕೆಳಗೆ ಬೀಳಿಸಿದಳು. ಉಗುರಿನಷ್ಟು ವಸ್ತು, ಮಾಳಿಗೆಯ ಮಣ್ಣಿನ ನೆಲ. ಮೂವರೂ ಮೊಣಕಾಲೂರಿ ನೆಲ ಸವರಿದೆವು. ನಾನು ಬನಶಂಕರಿಗೆ ಉಡಿ ತುಂಬುತ್ತೇನೆ ಎಂದು ಹರಕೆ ಹೊತ್ತೆ. ಅದು ಇವರ ಧೋತರದ ಮಡಿಕೆಯಲ್ಲಿ ಸಿಕ್ಕಿತು. ಮೊಬೈಲಿಗೆ ಹಾಕಿಕೊಂಡು, ಒಂದೇ ಗಾಡಿಯ ಮೇಲೆ ಮೂವರೂ ಹತ್ತಿದೆವು.

ಹಾದಿಯುದ್ದಕ್ಕೂ ನಾನು ಹಿಂದೆ ಕುಳಿತು ಒಂದೇ ಸಮನೆ ಕೇಳುತ್ತಿದ್ದೆ, "ಬಂತೇನ? ಈಗ?" ವಂದನಾ ಮೊಬೈಲ್ ನೋಡುತ್ತ ತಲೆ ಅಲ್ಲಾಡಿಸುತ್ತಿದ್ದಳು. ಊರಿನ ಕೊನೆಯ ಮನೆ ದಾಟಿತು, ಇಲ್ಲ. ಹಳ್ಳ ದಾಟಿತು, ಇಲ್ಲ. ಇವರೇನು ಎತ್ತಿನ ಬಂಡಿ ಹೊಡೆಯುತ್ತಿದ್ದಾರೆಯೇ ಎಂದು ಬೆನ್ನಿಗೆ ಗುದ್ದಿದೆ. ಮೇಡಂ ಮತ್ತೊಮ್ಮೆ ಸಾದಾ ಕಾಲ್ ಮಾಡಿದರು. "ಹಾದ್ಯಾಗ ಅದೇವ್ರಿ, ಕೂಸಿನ್ನ ಕಳಸಬ್ಯಾಡ್ರಿ, ನಿಮಗ ಪುಣ್ಯಾ ಬರ್ತೈತಿ" ಎಂದು ನಾನು ಗಾಳಿಯಲ್ಲಿ ಕೂಗಿದೆ.

ಗಿರಿಮಲ್ಲಪ್ಪನ ಹೊಲದಲ್ಲಿ ಕಬ್ಬು ಇನ್ನೂ ಕಡಿದಿರಲಿಲ್ಲ. ಬದುವಿನ ಮೇಲೆ ಬೇವಿನ ಗಿಡದ ನೆರಳಿಗೆ ವಂದನಾ ಕುಸಿದು ಕುಳಿತಳು. ಹೆರಳು ಬಿಚ್ಚಿತ್ತು, ಮುಖದ ತುಂಬ ಧೂಳು. ನಾನು ಸೆರಗಿನಿಂದ ಒರೆಸುವಷ್ಟರಲ್ಲಿ ಕಾಲ್ ಹತ್ತಿತು.

ಚಿತ್ರ ಬಂತು. ಅಷ್ಟು ಸ್ವಚ್ಛ ಚಿತ್ರ ನಾವು ಶ್ರೀದೇವಿಯ ಕಾಲಿನಲ್ಲೂ ನೋಡಿರಲಿಲ್ಲ. ಧನಶ್ರೀ ಕುರ್ಚಿಯ ಮೇಲೆ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಮೇಡಂ, ಹಿಂದೆ ಗೋಡೆಯ ಹತ್ತಿರ ಮಥುರಾಬಾಯಿ.

"ಧನೂ, ನನ್ನ ಬಂಗಾರಾ" ಎಂದಳು ವಂದನಾ.

ಧನಶ್ರೀ ಅಲುಗಾಡಲಿಲ್ಲ. ಕಣ್ಣು ನಮ್ಮ ಕಡೆಗೇ ಇದ್ದವು, ತುಟಿ ಬಿಗಿದಿತ್ತು.

"ಧನೂ, ಮಮ್ಮಿ ಕಾಣತಾಳೇನ?"

ಏನೂ ಇಲ್ಲ. "ಮತ್ತ ನಿಂತಿತ ಹಾಳಾದ್ದು!" ಎಂದು ನಾನು ಮೊಬೈಲ್ ಕಸಿದು ಎತ್ತರಕ್ಕೆ ಹಿಡಿಯಲು ಹೋದೆ. ವಂದನಾ ನನ್ನ ಮುಂಗೈ ಹಿಡಿದಳು. ಧನಶ್ರೀಯ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಅವಳ ಜಡೆಯ ರಿಬ್ಬನ್ನು ಗಾಳಿಗೆ ಹಾರಾಡುತ್ತಿತ್ತು. ಚಿತ್ರ ನಿಂತಿರಲಿಲ್ಲ. ಕೂಸೇ ಸುಮ್ಮನಿತ್ತು.

ಇಷ್ಟು ದಿನ ಬೈಯಲು ಒಂದು ಡಬ್ಬಿಯಾದರೂ ಇತ್ತು. ಮಥುರಾಬಾಯಿ ಹೇಳಿದ್ದೇ ಖರೆಯೇ? ಐದು ತಿಂಗಳಿನಲ್ಲಿ ಕೂಸು ಹೆತ್ತವಳನ್ನು ಮರೆಯಿತೇ? ಹಿಂದೆ ನಿಂತ ಬೀಗತಿ ಸೆರಗು ಸರಿಪಡಿಸಿಕೊಂಡು ಮೇಡಂ ಮುಖ ನೋಡಿದ್ದು ನಮಗೆ ಸ್ಪಷ್ಟವಾಗಿ ಕಾಣಿಸಿತು. ಹಾಳು ನೆಟ್, ಬೇಡದ್ದನ್ನು ಮಾತ್ರ ಎಷ್ಟು ಚೆನ್ನಾಗಿ ತೋರಿಸುತ್ತದೆ!

ಮೇಡಂ ಮೆಲ್ಲಗೆ, ನಮಗೆ ಉಪಕಾರ ಮಾಡುವವರಂತೆ ಕೇಳಿದರು, "ವಂದನಾ, ನಿಮ್ಮ ಕಡೆ ಇನ್ನೂ ಸರೀ ಬರಾಕತ್ತಿಲ್ಲೇನು? ನೆಟ್‌ವರ್ಕ್ ಪ್ರಾಬ್ಲೆಮ್ ಅಂತ ಬರೀಲೇನು? ಸೂಟಿ ಆದ ಮ್ಯಾಲ ಇನ್ನೊಂದು ತಾರೀಖ ಕೊಡ್ತೇನಿ."

"ಹೌದ್ರಿ ಅನ್ನು, ಹೌದ್ರಿ ಅನ್ನು" ಎಂದು ನಾನು ಅವಳ ತೊಡೆ ಚಿವುಟಿದೆ. ಸೂಟಿ ಹೋದರೆ ಹೋಗಲಿ, ಕೂಸಿಗೆ ತಾಯಿ ಬೇಡ ಎಂದು ಕಾಗದದಲ್ಲಿ ಏರಿದರೆ ಮುಂದೆ ಯಾವ ಕೋರ್ಟು ಕೊಟ್ಟೀತು? ಒಂದು ಸುಳ್ಳು. ಇಡೀ ಬನಹಟ್ಟಿ ಸಾಕ್ಷಿ ಹೇಳುವಂಥ ಸುಳ್ಳು.

ವಂದನಾ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. "ಇಲ್ರಿ ಮೇಡಂ. ನೆಟ್ ಛಲೋ ಐತ್ರಿ. ನನಗ ಎಲ್ಲಾ ಕಾಣಾಕತ್ತೈತಿ, ಎಲ್ಲಾ ಕೇಳಸಾಕತ್ತೈತಿ" ಎಂದಳು. ಆಮೇಲೆ ಮಗಳಿಗೆ, "ಧನೂ, ನಿನಗ ಮಾತಾಡೂದು ಬ್ಯಾಡಾಗಿದ್ರ ಬ್ಯಾಡ. ನಾ ಸುಮ್ನ ನಿನ್ನ ನೋಡಕೋತ ಕುಂಡ್ರತೇನಿ" ಎಂದಳು.

ನಾನು ಮುಖ ತಿರುಗಿಸಿ ಸೆರಗು ಬಾಯಿಗೆ ಒತ್ತಿಕೊಂಡೆ. ಇವರು ಗಾಡಿಯ ಹತ್ತಿರ ಬೆನ್ನು ಮಾಡಿ ನಿಂತುಬಿಟ್ಟರು. ಕಬ್ಬಿನ ಗರಿಗಳು ಸರಸರ ಅನ್ನುತ್ತಿದ್ದವು.

ಮೊಬೈಲಿನಿಂದ ಸಣ್ಣ ದನಿ ಬಂತು. "ಖರೇನ ಕೇಳಸ್ತೈತೇನು?"

ನಾನು ಥಟ್ಟನೆ ತಿರುಗಿದೆ.

"ಕೇಳಸ್ತೈತಿ ಬಂಗಾರಾ" ಎಂದಳು ವಂದನಾ.

"ಹಂಗಾರ ನಾ ಏನ ಅಂದೆ ಹೇಳು?"

"ಖರೇನ ಕೇಳಸ್ತೈತೇನು, ಅಂದಿ."

ಕೂಸು ಸ್ವಲ್ಪ ಮುಂದೆ ಬಾಗಿ ನಮ್ಮನ್ನೇ ನೋಡಿತು. "ಹ್ವಾದ ಸಲ ಯಾಕ ಕೇಳಸ್ಲಿಲ್ಲ? ನಾ ಎಲ್ಲಾ ಹೇಳಿದೆ. ಹಲ್ಲ ಬಿದ್ದದ್ದ ಹೇಳಿದೆ. ಮತ್ತ ನನ್ನ ಕರ್ಕೊಂಡ ಹೋಗಾಕ ಯಾವಾಗ ಬರ್ತೀ ಅಂತ ಕೇಳಿದೆ. ನೀ ಕಣ್ಣ ಮುಚ್ಚಿಕೊಂಡ ಹಂಗ ಕುಂತಿ. ನಾ ಮತ್ತ ಮತ್ತ ಕೇಳಿದೆ. ನೀ ಏನೂ ಅನ್ಲಿಲ್ಲ. ಅದಕ್ಕ ಎದ್ದ ಹೋದೆ."

ನಮ್ಮ ಪರದೆಯ ಮೇಲೆ ಅವಳ ಚಿತ್ರ ನಿಂತಿದ್ದಷ್ಟೇ ನಾವು ಕಂಡಿದ್ದೆವು. ಅವಳ ಪರದೆಯ ಮೇಲೆ ತಾಯಿಯ ಚಿತ್ರವೂ ನಿಂತಿತ್ತು, ಕಣ್ಣು ಮುಚ್ಚಿದ ಹೊತ್ತಿಗೇ ನಿಂತಿತ್ತು. ಅಷ್ಟು ದೊಡ್ಡ ಮಾತು ಕೇಳಿ, ಕಣ್ಣು ಮುಚ್ಚಿ ಕುಳಿತ ತಾಯಿ! ಏಳು ವರ್ಷದ ಜೀವ ಅದನ್ನು ಹೇಗೆ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತೋ. ನಾನು ತಡೆಯಲಾಗದೆ ಮೊಬೈಲಿಗೆ ಮುಖ ತುರುಕಿದೆ.

"ಕೇಳಿದ್ರಿಲ್ಲೋ ಮೇಡಂ?"

"ಕೇಳಿದೆ ಬಿಡ್ರಿ ಯಮ್ಮಾ" ಎಂದರು ಮೇಡಂ. ಪೆನ್ನು ಎತ್ತಿಕೊಂಡರು. "ಕೂಸು ಹ್ಯಾಂಗ ಅಂತೋ ಹಂಗ ಬರೀತೇನಿ. ಸೂಟಿಗೆ ಕಳಸ್ರಿ ಅಂತ ಕೆಳಗ ಸಹಿ ಹಾಕ್ತೇನಿ." ಹಿಂದೆ ಮಥುರಾಬಾಯಿ ಏನೋ ಅನ್ನಲು ಬಾಯಿ ತೆರೆದಳು. ಮೇಡಂ ತಿರುಗಿಯೂ ನೋಡದೆ ಕೈ ಎತ್ತಿ ತಡೆದರು.

ವಂದನಾಳ ಕಣ್ಣಿನಿಂದ ನೀರು ದಳದಳ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಮುಖ ಮರೆಯಾದೀತೆಂದು ಒರೆಸಿಕೊಳ್ಳಲಿಲ್ಲ, ಕಣ್ಣು ಕೂಡ ಮಿಟುಕಿಸಲಿಲ್ಲ.

"ಸೂಟಿ ಬಿಟ್ಟ ದಿನಾನ ಬರ್ತೇನಿ ಧನೂ. ನಾನ ಬಂದ ಕರ್ಕೊಂಡ ಬರ್ತೇನಿ" ಎಂದಳು.

ಧನಶ್ರೀ ತೊಡೆಯ ಕೆಳಗಿನಿಂದ ಕೈ ತೆಗೆದಳು.

"ಈಗ ಕೇಳಿಸ್ತು" ಎಂದಳು.